ಹಾಲುಮಡ್ಡಿಯ ಕಂಪು ಕಡಲು ದಾಟಿದ ವೃತ್ತಾಂತ

ಅಳೆದು ಕೊಡುವಾಗ ಸೇರಿನ ಬಾಯಿ ಸವರದೆ ತಲೆತುಂಬಿ ಸುರಿಯುವವರು; ನೆರೆಮನೆಯಿಂದ ತಂದ ಹಿಡಿ ಹುಣಿಸೆಯನ್ನೂ ಸಂಜೆಯೊಳಗೆ ಹಿಂತಿರುಗಿಸುವವರು; ಬಾಗಿಲಿಗೆ ಬಂದವರ ಕುಲವನ್ನು ಕೇಳುವ ಮೊದಲು ಹಸಿವನ್ನು ಕೇಳುವವರು; ಕೊಯ್ಲಿನ ಹೆಣ್ಣಾಳುಗಳಿಗೆ ಬಡಿಸಿದ ಮೇಲಲ್ಲದೆ ತಮ್ಮ ಎಲೆಗೆ ಕೂರದವರು; ಸಿಟ್ಟು ಬಂದರೆ ಮಾತು ಕಡಿಮೆ ಮಾಡಿ ಕೆಲಸ ಹೆಚ್ಚಿಸುವವರು; ನಗು ಬಂದರೆ ಮಾತ್ರ ತಡೆಯಲಾರದವರು; ಒಣಗಿದ ಕಾಫಿಯ ಒಂದೇ ಕಾಳನ್ನು ಹಲ್ಲಿನಡಿ ಕಚ್ಚಿ, ಇನ್ನೆಷ್ಟು ಹೊತ್ತಿನ ಬಿಸಿಲು ಬೇಕೆಂದು ನುಡಿಯಬಲ್ಲವರು; ಮೈ ಸುಡುವ ಜ್ವರದಲ್ಲಿಯೂ ಶುಕ್ರವಾರದ ಧೂಪವನ್ನು ತಪ್ಪಿಸದವರು; ಎಲ್ಲಕ್ಕೂ ಮಿಗಿಲಾಗಿ, ತಮ್ಮ ತಪ್ಪನ್ನು ಪರರು ಕಂಡುಹಿಡಿಯಲೆಂದು ಕಾದು ಕುಳಿತುಕೊಳ್ಳದವರು. ಗುಣಗಳ ಈ ಮಾಲೆಯಲ್ಲಿ ಒಂದೆರಡನ್ನು ಧರಿಸಿದವರೇ ಲೋಕದಲ್ಲಿ ಪೂಜ್ಯರೆನಿಸುವಾಗ, ಇಡೀ ಮಾಲೆಯನ್ನು ಧರಿಸಿಯೂ ಅದರ ಭಾರವನ್ನರಿಯದೆ ಸೆರಗು ಸಿಕ್ಕಿಸಿಕೊಂಡು ಕಣದಲ್ಲಿ ಕಾಫಿ ಹರವುತ್ತಿದ್ದ ಆ ಗೃಹಿಣಿಯ ಹೆಸರು ಕಾತ್ಯಾಯಿನಮ್ಮ.

ಕಳಸದಿಂದ ಹೊರನಾಡಿಗೆ ಹೋಗುವ ದಾರಿಯಲ್ಲಿ ಮೂರು ಮೈಲಿ ಸಾಗಿ ಎಡಕ್ಕಿಳಿದರೆ ಬಾಳೆಹಕ್ಕಲು ಎಂಬ ಎಂಟು ಮನೆಗಳ ಊರು. ಕಾತ್ಯಾಯಿನಮ್ಮನವರ ಯಜಮಾನರಾದ ಉಮಾಮಹೇಶ್ವರ ಭಟ್ಟರು ಆ ಊರಿನ ಈಶ್ವರ ದೇವಾಲಯದ ಅರ್ಚಕರು. ಐದು ಎಕರೆ ಕಾಫಿ ತೋಟವೂ ಅವರಿಗಿತ್ತು. ದೇವರು ಭಟ್ಟರ ಪಾಲು, ಕಾಫಿ ಪತ್ನಿಯ ಪಾಲು ಎಂದು ಮದುವೆಯಾದ ಹೊಸದರಲ್ಲೇ ಹಂಚಿಕೆಯಾಗಿತ್ತು. ಮೂವತ್ತು ವರ್ಷ ಯಾರೂ ಯಾರ ಪಾಲಿಗೂ ಕೈ ಹಾಕಿರಲಿಲ್ಲ. ಹಣ್ಣನ್ನು ಕೊಯ್ದ ದಿನವೇ ಸಿಪ್ಪೆ ಬಿಡಿಸುವ ಪಲ್ಪರಿಗೆ ಹಾಕಿಸಿ, ಲೋಳೆ ಹೋಗುವಂತೆ ತೊಳೆಸಿ, ಹೊಟ್ಟು ಕಳಚದ ಆ ಪಾರ್ಚ್‌ಮೆಂಟ್ ಬೀಜ ಕಣದ ಬಿಸಿಲಿನಲ್ಲಿ ಗರಿಗರಿಯಾಗುವವರೆಗೆ ಅವರ ಕಣ್ಣು ತಪ್ಪಿಸಿ ಒಂದು ಕಾಳೂ ಹೊರಳುತ್ತಿರಲಿಲ್ಲ. ಆದರೆ ಹೀಗೆ ಜತನ ಮಾಡಿದ ಉತ್ತಮ ಬೀಜವೆಲ್ಲ ಮಾರಾಟಕ್ಕೆ. ಮನೆಗೆ ಉಳಿಯುವುದು ಒಡಕು ಮತ್ತು ಕರಿಕಾಳು. ಅದನ್ನು ಹುರಿದು ಪುಡಿಮಾಡಿ, ಚಿಕೋರಿ ಬೆರೆಸಿ, ಹಾಲು ಬೆಲ್ಲ ಹಾಕಿ ಕುದಿಸಿದರೆ ಅದೇ ಆ ಬೆಟ್ಟದ ಮನೆಗಳ ಅಮೃತ. ತಾವೇ ಬೆಳೆದ ಕಾಫಿಯ ನಿಜರುಚಿ ಏನೆಂಬುದನ್ನು ಐವತ್ತೆರಡನೆಯ ವಯಸ್ಸಿನವರೆಗೂ ಕಾತ್ಯಾಯಿನಮ್ಮನವರ ನಾಲಗೆ ಅರಿತಿರಲಿಲ್ಲ. ಇದು ಅವರೊಬ್ಬರ ಮಾತಲ್ಲ. ಆ ಸೀಮೆಯ ಸಣ್ಣ ಬೆಳೆಗಾರರೆಲ್ಲರ ಪಾಡು.

ಸರ್ಕಾರದ ಮಂಡಳಿಗೆ ಒಪ್ಪಿಸದೆ ಬೆಳೆಗಾರನೇ ತನ್ನ ಕಾಫಿಯನ್ನು ಮಾರಿಕೊಳ್ಳಬಹುದೆಂಬ ಸ್ವಾತಂತ್ರ್ಯ ತೊಂಬತ್ತರ ದಶಕದ ನಡುವಿನಲ್ಲಿ ಬಂದಾಗ ಬೆಟ್ಟವೆಲ್ಲ ಹಿಗ್ಗಿತು. ಆ ಹಿಗ್ಗು ಬಹುಕಾಲ ಬಾಳಲಿಲ್ಲ. ಎರಡು ಸಾವಿರದ ಇಸವಿ ದಾಟುತ್ತಲೇ ಬೆಲೆ ಪಾತಾಳವನ್ನು ಕಂಡಿತು. ಬಾಳೆಹಕ್ಕಲಿನ ಎಂಟು ಮನೆಗಳ ಕಾಫಿ ರಸ್ತೆಬದಿಯ ವ್ಯಾಪಾರಿಯ ಗೋದಾಮಿನಲ್ಲಿ ಒಂದೇ ರಾಶಿಯಾಗಿ, ಊರ ಹೆಸರನ್ನೂ ಕಳೆದುಕೊಂಡು ಎಲ್ಲಿಗೋ ಹೋಗುತ್ತಿತ್ತು. ಪಕ್ಕದ ತೋಟದ ತಿಮ್ಮಪ್ಪಗೌಡರಂತೂ ಕಾಫಿಗಿಡಗಳನ್ನು ಬುಡಸಹಿತ ಕಿತ್ತು ಶುಂಠಿ ಹಾಕುವುದೆಂದು ನಿಶ್ಚಯಿಸಿದ್ದರು. ಅವರು ಕಿತ್ತರೆ ಉಳಿದವರೂ ಕೀಳುವವರೇ. ಹೀಗಿರಲು, ಎರಡು ಸಾವಿರದ ಮೂರನೆಯ ಇಸವಿಯ ಫಾಲ್ಗುಣದಲ್ಲಿ ಚಿಕ್ಕಮಗಳೂರಿನ ರಫ್ತುದಾರ ಮಲ್ಲಿಕಾರ್ಜುನಪ್ಪನವರು ಊರಿಗೆ ಬಂದು, ಎಂಟು ಮನೆಗಳಿಂದಲೂ ಒಂದೊಂದು ಚೀಲ ಮಾದರಿ ಪಡೆದು, ಹೆಸರು ಬರೆದು, ಹೊರದೇಶಗಳಿಗೆ ಕಳುಹಿಸಿದರು.

ವೈಶಾಖ ಮುಗಿಯುವಷ್ಟರಲ್ಲಿ ಉತ್ತರ ಬಂತು. ಅದನ್ನು ಹಿಡಿದು ಮೂಡಿಗೆರೆಯಿಂದ ಓಡಿಬಂದವನು ಕಾತ್ಯಾಯಿನಮ್ಮನವರ ಮೈದುನ ಪ್ರಸಾದ. ಅಲ್ಲಿನ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವ ಅವನಿಗೆ ಅತ್ತಿಗೆಯನ್ನು ಕೆಣಕುವುದೆಂದರೆ ಹಬ್ಬ. ಅಂದು ಮಾತ್ರ ಕೆಣಕಲೂ ಮರೆತು, ಜಗಲಿಯ ಮೇಲೆ ಚಪ್ಪಲಿ ಬಿಡುವ ಮೊದಲೇ ಓದತೊಡಗಿದ. ನಾರ್ವೆ ದೇಶದ ಪಶ್ಚಿಮ ಕರಾವಳಿಯಲ್ಲಿ ಸ್ಟೈನ್‌ವಿಕ್ ಎಂಬ ಪುಟ್ಟ ಬಂದರೂರು; ಅಲ್ಲಿ ಕಾಫಿ ಹುರಿದು ಮಾರುವ ಐನಾರ್ ಎಂಬುವನ ಪತ್ರ ಅದು. ಎಂಟು ಮಾದರಿಗಳಲ್ಲಿ ಏಳು ಚೆನ್ನಾಗಿವೆ. ಎಂಟನೆಯದರಂಥ ಕಾಫಿಯನ್ನು ಮೂವತ್ತು ವರ್ಷಗಳಲ್ಲಿ ನಾನು ಕುಡಿದೇ ಇಲ್ಲ. ಅದರ ಪರಿಮಳ ಯಾವ ಮಣ್ಣಿನದು ಎಂದು ಬೆರಗಾಗಿದ್ದೇನೆ. ಆ ಮಣ್ಣಿನ ಎಂಟೂ ಮನೆಗಳ ಕಾಫಿಯನ್ನು ಮುಂದಿನ ವರ್ಷದಿಂದ ಊರ ಹೆಸರಿನಲ್ಲೇ ಕೊಳ್ಳುವ ಮನಸ್ಸಿದೆ. ಆಗಸ್ಟ್ ಮೊದಲ ಶನಿವಾರ ನಮ್ಮ ಬಂದರಿನಲ್ಲಿ ಹೊಸ ಕಾಫಿ ಹಂಚುವ ದಿನ, ಅಂದು ಆ ಎಂಟನೆಯ ಕಾಫಿ ಬೆಳೆದವರು ನಮ್ಮ ಖರ್ಚಿನಲ್ಲಿ ಬಂದು, ಜನರ ಮುಂದೆ ನಿಲ್ಲಬೇಕು. ಇದು ಪತ್ರದ ಸಾರ. ಎಂಟನೆಯ ಚೀಲದ ಮೇಲಿದ್ದ ಹೆಸರು ಕಾತ್ಯಾಯಿನಮ್ಮನವರದು.

ಸುದ್ದಿ ಎಂಟು ಮನೆಗಳನ್ನೂ ಗಾಳಿಯಂತೆ ಸುತ್ತಿತು. ಅರ್ಚಕರ ಮನೆಯ ಹೆಂಗಸು ಸಮುದ್ರ ದಾಟಬಹುದೇ ಎಂಬ ಪ್ರಶ್ನೆಯನ್ನು ಯಾರೋ ಎತ್ತುವಷ್ಟರಲ್ಲೇ, ಎಂಬತ್ತು ದಾಟಿದ ಅವರ ಅತ್ತೆ ಒಳಗಿನಿಂದಲೇ ತೀರ್ಪಿತ್ತರು.

“ಕಾಫಿ ಕಡಲು ದಾಟಿದ್ರೆ ಕೆಡೋದಿಲ್ಲ, ಬೆಳೆದೋಳು ದಾಟಿದ್ರೆ ಕೆಡ್ತಾಳಾ? ಹೋಗಿ ಬಾರೇ. ಬಂದ್ಮೇಲೆ ಭದ್ರೇಲಿ ಮೂರು ಮುಳುಗು ಹಾಕು, ಆಯ್ತು.”

ಹೊರಡುವ ದಿನ ತಿಮ್ಮಪ್ಪಗೌಡರು ಮಳೆಯಲ್ಲಿ ಕಂಬಳಿಕೊಪ್ಪೆ ಹೊದ್ದು ಬಸ್ಸಿನ ತನಕ ಬಂದರು. ಹೆಚ್ಚು ಮಾತಿನ ಮನುಷ್ಯರಲ್ಲ. ಬಸ್ಸು ಚಲಿಸುವಾಗ ಕಿಟಕಿಯ ಬಳಿ ಬಂದು, “ನೀವು ಹೋಗಿ ಬರೋ ತನ್ಕ ನಾ ಗುದ್ದಲಿ ಮುಟ್ಟಾದಿಲ್ಲ ಕಣ್ರಮ್ಮ” ಎಂದರು. ಕೊಟ್ಟಿಗೆಹಾರದ ತಿರುವು ದಾಟುವವರೆಗೂ ಕಾತ್ಯಾಯಿನಮ್ಮನವರ ಕಿವಿಯಲ್ಲಿ ಆ ಒಂದೇ ಮಾತು ಮೊಳಗುತ್ತಿತ್ತು.

ಅಲ್ಲಿಂದ ಮುಂದಿನದೆಲ್ಲ ಅವರಿಗೆ ಒಂದೇ ಉಸಿರಿನ ಉತ್ಸವ. ಬೆಂಗಳೂರಿನಲ್ಲಿ ವಿಮಾನವನ್ನೇರಿ ಕುಳಿತಾಗ, ದುಭಾಷಿಯಾಗಿ ಜೊತೆಗೆ ಹೊರಟಿದ್ದ ಪ್ರಸಾದನ ನಾಲಗೆಗೆ ಮತ್ತೆ ಜೀವ ಬಂತು. ಇಲ್ಲಿ ಕಿಟಕಿ ತೆಗೆಯುವುದಕ್ಕಾಗುವುದಿಲ್ಲ, ಎಲೆಯಡಿಕೆ ಉಗಿಯುವುದಿದ್ದರೆ ಈಗಲೇ ಮುಗಿಸಿಬಿಡಿ ಎಂದ ಅವನಿಗೆ, “ನಿನ್ನ ಮಾತು ಉಗಿಯೋಕೆ ಇಲ್ಲೆಲ್ಲಾದ್ರೂ ಜಾಗ ಉಂಟಾ ಕೇಳು ಮಾರಾಯ” ಎಂದು ಅತ್ತಿಗೆ ಉತ್ತರ ಕೊಟ್ಟರು. ಮೋಡಗಳು ಕಾಲ ಕೆಳಗೆ ಹರಡಿದ್ದನ್ನು ಕಂಡಾಗ, ತೊಳೆದ ಪಾರ್ಚ್‌ಮೆಂಟನ್ನು ಯಾರೋ ಭೂಮಿಯಷ್ಟಗಲದ ಕಣದಲ್ಲಿ ಹರವಿದಂತೆ ಅವರಿಗೆ ತೋರಿತು; ಇದನ್ನು ಮಗುಚಿ ಹಾಕುವವರು ಯಾರು ಎಂದು ಗಟ್ಟಿಯಾಗಿಯೇ ಕೇಳಿದರು. ಎರಡು ವಿಮಾನ, ಒಂದು ರೈಲು, ಕಡೆಗೆ ಒಂದು ಬಿಳಿಯ ಹಡಗು.

ಆ ಹಡಗಿನ ಅಂಗಳದಲ್ಲಿ ಅವರು ಕುಳಿತದ್ದೇ ಕಡಿಮೆ. ಎರಡು ಕಡೆಯೂ ಬೆಟ್ಟಗಳು ನೀರಿನಿಂದಲೇ ನೆಟ್ಟಗೆ ಎದ್ದಿದ್ದವು. ನಮ್ಮ ಮೇರುತಿಗುಡ್ಡವನ್ನು ಸೊಂಟದವರೆಗೆ ಕಡಲಿನಲ್ಲಿ ನಿಲ್ಲಿಸಿ ಸ್ನಾನಕ್ಕೆ ಬಿಟ್ಟಂತೆ. ಬಂಡೆಗಳಿಂದ ಜಲಪಾತಗಳು ಜನಿವಾರದ ಎಳೆಗಳಂತೆ ಇಳಿದಿದ್ದವು. ಒಂದು ತಿರುವಿನಲ್ಲಿ ಬಂದರು ಕಂಡಿತು. ಬಂಡೆಯ ಮಡಿಲಿನಲ್ಲಿ ಇನ್ನೂರು ಮುನ್ನೂರು ಹಲಗೆಮನೆಗಳು. ಬಿಳಿಯವು, ಕಾವಿಯ ಬಣ್ಣದವು, ಅರಿಸಿನದ ಬಣ್ಣದವು. ದೋಣಿಗಳ ಸಾಲು, ಅರಚುವ ಕಡಲಹಕ್ಕಿಗಳು, ಮೀನು ಮತ್ತು ಉಪ್ಪುಗಾಳಿಯ ತೀಕ್ಷ್ಣ ವಾಸನೆ. ಮೂಗಿಗೆ ಸೆರಗು ಹಿಡಿದುಕೊಂಡರೂ ಕಾತ್ಯಾಯಿನಮ್ಮ ಕಣ್ಣನ್ನು ಮುಚ್ಚಲಿಲ್ಲ. ಕುಬೇರನ ದಿಕ್ಕಿನಲ್ಲಿ ಇಂಥದೊಂದು ಊರನ್ನು ಪರಮೇಶ್ವರನು ಮಡಗಿಟ್ಟದ್ದು ತಾನು ನೋಡಲೆಂದೇ ಇರಬೇಕೆಂದು ಅವರ ಮೈ ನವಿರೆದ್ದಿತು.

ಐನಾರ್ ಹಡಗುಕಟ್ಟೆಯಲ್ಲಿ ಎರಡು ಕೈ ಜೋಡಿಸಿ ನಿಂತಿದ್ದ. ಐವತ್ತರ ಆಸುಪಾಸಿನ ಎತ್ತರದ ಆಳು. ಜೋಳದ ತೆನೆಯ ಕೂದಲಿನಂಥ ಗಡ್ಡ. ಪಕ್ಕದಲ್ಲಿ ಕೋಲೂರಿದ್ದ ಅವನ ತಂದೆಗೆ ಎಂಬತ್ತನಾಲ್ಕು. ಬಾಳೆಲ್ಲ ಮರದ ದೋಣಿ ಕಟ್ಟಿದ ಕೈ. ಅತಿಥಿಗಳು ಮೀನು ಮಾಂಸ ಮುಟ್ಟರೆಂದು ಮೊದಲೇ ತಿಳಿದಿದ್ದ ಅವರು ಮನೆಯ ಮಹಡಿಯ ಕೋಣೆಯನ್ನು, ಅದರಲ್ಲೊಂದು ಹೊಸ ಒಲೆಯನ್ನು ಬಿಟ್ಟುಕೊಟ್ಟಿದ್ದರು. ಊರಿನಿಂದ ತಂದ ಅವಲಕ್ಕಿ, ಚಟ್ನಿಪುಡಿ, ಅಲ್ಲಿಯ ಹಾಲು ಮೊಸರು, ಊಟಕ್ಕೆ ಕೊರತೆಯಾಗಲಿಲ್ಲ. ಕೊರತೆಯಾದದ್ದು ಸಂಜೆಗೆ. ಮುಸ್ಸಂಜೆಯಲ್ಲಿ ದೀಪ ಹಚ್ಚಿ ಊಟ ಮಾಡುವ ನಿಯಮದ ಕಾತ್ಯಾಯಿನಮ್ಮ ಬತ್ತಿ ಹೊಸೆದು ಕಿಟಕಿಯ ಬಳಿ ಕುಳಿತರು. ಗಂಟೆ ಎಂಟಾಯಿತು, ಒಂಬತ್ತಾಯಿತು, ಸೂರ್ಯನಿಗೆ ಹೋಗುವ ಮನಸ್ಸೇ ಬರಲಿಲ್ಲ. “ಇವ್ನಿಗೂ ಇಲ್ಲಿ ಕಾಫಿ ರುಚಿ ಹತ್ತಿದೆ, ಎದ್ದು ಹೋಗ್ತಿಲ್ಲ” ಎಂದು ನಗುತ್ತ ಹತ್ತು ಗಂಟೆಗೆ ದೀಪ ಹಚ್ಚಿದರು.

ಕಾಫಿಯ ರುಚಿಯಾದರೋ ಆ ಊರಿಗೆ ಹತ್ತಿದ್ದು ಹಾಗಿತ್ತು. ಬೆಳಗ್ಗೆ ಎದ್ದರೆ ಕಾಫಿ, ಬಲೆ ಎಳೆದರೆ ಕಾಫಿ, ನೆಂಟರು ಬಂದರೆ ಕಾಫಿ, ಹೋದರೆ ಕಾಫಿ; ಹಾಲಿಲ್ಲ, ಸಕ್ಕರೆಯಿಲ್ಲ. ಮೂವತ್ತು ವರ್ಷ ತಾವು ಬೆನ್ನು ಬಗ್ಗಿಸಿ ಹರವಿದ್ದು ಎಲ್ಲಿಗೆ ಹೋಗುತ್ತದೆಂದು ಕೇಳಿಯೇ ಇರದ ಆ ಗೃಹಿಣಿಗೆ, ಬೀದಿ ಬೀದಿಯಲ್ಲಿ ಜನ ಬಟ್ಟಲನ್ನು ಎರಡು ಕೈಯಲ್ಲಿ ತಬ್ಬಿಕೊಂಡು ಬಿಸಿಲಿಗೆ ಕೂತ ದೃಶ್ಯವನ್ನು ಕಂಡು ತವರಿನವರನ್ನು ಕಂಡಷ್ಟು ಸಂತೋಷವಾಯಿತು.

ಮರುದಿನ ಶುಕ್ರವಾರ. ಕಾಫಿ ಹಂಚುವ ಉತ್ಸವಕ್ಕೆ ಒಂದೇ ದಿನವಿತ್ತು. ಬಂದರಿನ ಅಂಚಿನ ಹಳೆಯ ದೋಣಿಮನೆಯನ್ನೇ ಐನಾರ್ ಕಾಫಿ ಹುರಿಯುವ ಶಾಲೆಯಾಗಿ ಮಾಡಿಕೊಂಡಿದ್ದ. ಒಳಗೆ ಕಬ್ಬಿಣದ ಪೀಪಾಯಿಯಂಥ ಯಂತ್ರ ತಿರುಗುತ್ತಿತ್ತು. ಗೋಡೆಗೊರಗಿಸಿದ ಮರದ ಫಲಕದ ಮೇಲೆ ಅವನೇ ಬಿಳಿಯ ಬಣ್ಣದಲ್ಲಿ ನಾಲ್ಕು ಸಾಲು ಬರೆದಿದ್ದ. ಪ್ರಸಾದ ಅವನನ್ನು ಕೇಳಿ ಅರ್ಥ ಹೇಳಿದ: ಬಾಳೆಹಕ್ಕಲು, ಕಾತ್ಯಾಯಿನಿ ಬೆಳೆದದ್ದು, ಇದರ ಪರಿಮಳ ಆ ಬೆಟ್ಟದ ಮಣ್ಣಿನದು, ಇನ್ನೆಲ್ಲಿಯೂ ದೊರೆಯದು. ತಮ್ಮೂರಿನ ಹೆಸರನ್ನು ಪರದೇಶದ ಲಿಪಿಯಲ್ಲಿ ಕಂಡು ಕಾತ್ಯಾಯಿನಮ್ಮನವರ ಕಣ್ಣು ಮಂಜಾಯಿತು. ಫಲಕವನ್ನು ಬೆರಳಿನಿಂದ ಮುಟ್ಟಿ, ಬಣ್ಣ ಹಸಿಯಿದ್ದುದರಿಂದ ಬೆರಳು ಬಿಳಿಯಾಗಿ, ನಾಚಿದರು.

ಐನಾರ್ ಎಂಟನೆಯ ಮಾದರಿಯನ್ನು ಹುರಿದು, ಒಡೆದು, ಬಟ್ಟಲಿನಲ್ಲಿ ಬಿಸಿನೀರೆರೆದು, ಒಂದು ಚಮಚವನ್ನು ಅದ್ದಿ ಸುರ್ರೆಂದು ಹೀರಿದ. ಆ ಚಮಚವನ್ನೇ ಮತ್ತೆ ಬಟ್ಟಲಿಗೆ ಅದ್ದಿ ಅತಿಥಿಯ ಕಡೆಗೆ ಚಾಚಿದ. ಎಂಜಲೆಂಬುದೊಂದಿದೆಯೆಂದು ಅವನಿಗೆ ತಿಳಿಸುವ ಬಗೆಯೆಂತು? ಕಾತ್ಯಾಯಿನಮ್ಮ ಮುಗುಳ್ನಕ್ಕು, ತಮ್ಮ ಚೀಲದಿಂದ ಒಂದು ಲೋಟ ತೆಗೆದು ಮುಂದಿಟ್ಟರು. ಅದಕ್ಕೆ ಹೊಸದಾಗಿ ಬೇರೆಯೇ ಕಾಫಿ ಸುರಿಸಿಕೊಂಡು, ತಲೆ ಹಿಂದಕ್ಕೆ ಬಾಗಿಸಿ, ಗೇಣೆತ್ತರದಿಂದ ಬಾಯಿಗೆ ಧಾರೆಯಾಗಿ ಬಿಟ್ಟುಕೊಂಡರು. ಒಂದು ಹನಿಯೂ ತುಟಿಗೆ ತಾಗಲಿಲ್ಲ, ಗಲ್ಲಕ್ಕೆ ಜಾರಲಿಲ್ಲ. ಐನಾರನ ಬಾಯಿ ತೆರೆದೇ ಉಳಿಯಿತು.

ಹಾಲಿಲ್ಲದ ಬೆಲ್ಲವಿಲ್ಲದ ಕಾಫಿ ಮೊದಲು ಕಹಿಯೆನಿಸಿತು. ಮರುಕ್ಷಣ ಉಸಿರು ಬಿಟ್ಟಾಗ ಆ ಪರಿಮಳ ಗಂಟಲಿನಿಂದ ಮೇಲೇರಿ ಮೂಗನ್ನು ತುಂಬಿತು. ಕಾತ್ಯಾಯಿನಮ್ಮ ಕಣ್ಣು ಮುಚ್ಚಿದರು. ಮುಚ್ಚಿದ ಕಣ್ಣಿನೊಳಗೆ ತೋಟ ಕಾಣಲಿಲ್ಲ, ಮಣ್ಣು ಕಾಣಲಿಲ್ಲ; ಕಂಡದ್ದು ತಮ್ಮ ಮನೆಯ ಕಣಜದ ಕೋಣೆ, ಧೂಪಾರತಿ, ಕೆಂಡದ ಮೇಲೆ ಕರಗುವ ಮರದಂಟು ಹಾಲುಮಡ್ಡಿ.

ಭತ್ತದ ಕಾಲದಿಂದ ಬಂದ ಪದ್ಧತಿ ಅದು. ಧಾನ್ಯವೆಂದರೆ ಲಕ್ಷ್ಮಿ, ಶುಕ್ರವಾರ ಕಣಜಕ್ಕೆ ಧೂಪ ತೋರಿಸದ ಮನೆ ಆ ಸೀಮೆಯಲ್ಲಿಲ್ಲ. ಗದ್ದೆಗಳು ಹೋಗಿ ಕಾಫಿ ಬಂದ ಮೇಲೂ ಅರ್ಚಕರ ಮನೆಯಲ್ಲಿ ಆ ಕೋಣೆ ಕಣಜವೇ ಆಗಿ ಉಳಿದಿತ್ತು. ಭತ್ತದ ಜಾಗದಲ್ಲಿ ಪಾರ್ಚ್‌ಮೆಂಟ್ ಚೀಲಗಳು ಕುಳಿತಿದ್ದವು, ಅಷ್ಟೆ. ವಾರಕ್ಕೊಮ್ಮೆಯ ಧೂಪದಿಂದ ಏನೂ ಆಗುತ್ತಿರಲಿಲ್ಲವೋ ಏನೋ. ಆದರೆ ಆ ವರ್ಷದ ಪುಷ್ಯದಲ್ಲಿ ಅಕಾಲದ ಮಳೆ ಹಿಡಿಯಿತು. ಕಣದಲ್ಲಿ ಅರ್ಧ ಒಣಗಿದ ಬೀಜವನ್ನೆಲ್ಲ ಆ ಕೋಣೆಗೆ ಹೊತ್ತು ಹಾಕಿ, ಒಂಬತ್ತು ದಿನ ಬಾಗಿಲು ಮುಚ್ಚಿ, ಬೂಷ್ಟು ಹಿಡಿಯದಿರಲಿ ತಾಯೀ ಎಂದು ಹೊರನಾಡಿನ ಅನ್ನಪೂರ್ಣೇಶ್ವರಿಗೆ ಹರಕೆ ಹೊತ್ತು, ಕಾತ್ಯಾಯಿನಮ್ಮ ಬೆಳಗೂ ಸಂಜೆಯೂ ಹಾಲುಮಡ್ಡಿಯ ಹೊಗೆ ತುಂಬಿದ್ದರು. ಹಸಿಬೀಜ ಹತ್ತಿಯಂತೆ, ಬಂದ ವಾಸನೆಯನ್ನೆಲ್ಲ ಹೀರುತ್ತದೆ. ಪರಿಮಳ ಮಣ್ಣಿನದಲ್ಲ. ಅದು ಅವರ ಕೈಯ ಹೊಗೆ.

ಐನಾರ್ ಆಗ ಉತ್ಸಾಹದಿಂದ ಹೇಳುತ್ತಲೇ ಇದ್ದ, ಪ್ರಸಾದ ತಿಳಿಸುತ್ತಲೇ ಇದ್ದ. ಅಲ್ಲಿಯ ಹಳಬರು ದೋಣಿಗಳಿಗೆ ಸೂಜಿಯೆಲೆಯ ಪೈನ್ ಮರದ ರಾಳದಿಂದ ಇಳಿಸಿದ ಕಪ್ಪು ಅಂಟನ್ನು ಬಳಿಯುತ್ತಿದ್ದರಂತೆ. ಈ ಕಾಫಿಯನ್ನು ಮೊದಲ ಸಲ ಹುರಿದ ದಿನ ಅವನ ತಂದೆ ಕೋಲೂರಿಕೊಂಡು ಬಂದು, ಯಾರು ದೋಣಿ ಬಳಿಯುತ್ತಿರುವುದು ಎಂದು ಕೇಳಿದರಂತೆ. ನಮ್ಮ ಕಡಲಿಗೂ ನಿಮ್ಮ ಬೆಟ್ಟಕ್ಕೂ ಮಣ್ಣಿನೊಳಗೇ ಏನೋ ನೆಂಟಸ್ತಿಕೆ ಇರಬೇಕು ಎಂಬುದು ಅವನ ಸಿದ್ಧಾಂತ. ನಾಳೆ ಊರಿಗೆಲ್ಲ ಇದನ್ನೇ ಹೇಳುವವನಿದ್ದ.

ಕಾತ್ಯಾಯಿನಮ್ಮ ಲೋಟವನ್ನು ಕೆಳಗಿಟ್ಟು, ತುಸು ಗಾಳಿ ಬೇಕೆಂದು ಹೊರಗೆ ನಡೆದರು. ಪ್ರಸಾದ ಹಿಂದೆಯೇ ಬಂದ. ಹಡಗುಕಟ್ಟೆಯ ಮೇಲೆ ನಿಂತು ಅವರು ವಿಷಯವನ್ನು ಹೇಳಿದಾಗ ಮೊದಲು ಅವನಿಗೆ ನಗು ಬಂತು, ಆಮೇಲೆ ಮುಖ ಬಿಳುಪೇರಿತು. ಸುಮ್ಮನಿದ್ದುಬಿಡಿ ಎಂದ. ಮುಂದಿನ ವರ್ಷ ಎಂಟೂ ಮನೆಗಳಲ್ಲಿ ಧೂಪ ಹಾಕಿಸಿದರಾಯಿತು. ದೇವರಿಗೂ ಆಯಿತು, ಕಾಫಿಗೂ ಆಯಿತು ಎಂದ. ತಿಮ್ಮಪ್ಪಗೌಡರ ಹೆಸರೆತ್ತಿದ. ಬರಿಗೈಯಲ್ಲಿ ಹೋದರೆ ಅವರ ಗುದ್ದಲಿ ಮೊದಲು ಬೀಳುವುದು ಯಾವುದರ ಮೇಲೆ ಎಂದು ಕೇಳಿದ.

ಆ ಪ್ರಶ್ನೆ ನಾಟಿತು. ಕಾತ್ಯಾಯಿನಮ್ಮ ನೀರಿನ ಕಡೆ ತಿರುಗಿ ಎರಡನ್ನೂ ತೂಗಿದರು. ಮಾತನಾಡಿದರೆ ಎಂಟು ಮನೆಗಳ ಆಸೆ ಮುಳುಗುತ್ತದೆ. ಮಾತನಾಡದಿದ್ದರೆ, ಮಹಡಿಯ ಕೋಣೆ ಬಿಟ್ಟುಕೊಟ್ಟು ಕೈ ಜೋಡಿಸಿ ನಿಂತವನು ತನ್ನ ಊರಿನ ಮುಂದೆ ನಾಳೆ ಸುಳ್ಳಾಡುತ್ತಾನೆ, ಅದೂ ತಿಳಿಯದೆ. ಕಡೆಗೆ ಮೈದುನನ ಕಡೆ ತಿರುಗಿದರು.

“ದೇವರಿಗೆ ಹಾಕೋ ಧೂಪ ಒಂದು, ಗಿರಾಕಿಗೆ ಹಾಕೋ ಧೂಪ ಒಂದು. ಎರಡಕ್ಕೂ ಒಂದೇ ಕೆಂಡ ಸಾಕು ಅಂತೀಯಾ ಪ್ರಸಾದ?”

“ನಾನು ಎಂತ ಅನ್ನೋದಿಲ್ಲ ಅತ್ತಿಗೆ. ಇಂಗ್ಲಿಷಲ್ಲಿ ಹೇಳಬೇಕಾದೋನು ನಾನು, ಅದೇ ಕಷ್ಟ.”

“ನಾ ಹೇಳಿದ್ದಷ್ಟು ಹೇಳು. ನಿನ್ನ ಕಾಲೇಜಿನ ಒಗ್ಗರಣೆ ಹಾಕ್ಬೇಡ.”

ಒಳಗೆ ಬಂದು ಐನಾರನೆದುರು ನಿಂತು, ಮಳೆಯಿಂದ ಮೊದಲುಮಾಡಿ ಒಂಬತ್ತು ದಿನದ ಹೊಗೆಯವರೆಗೆ, ತಮ್ಮ ಸರಳ ಮಾತುಗಳಲ್ಲಿ ಹೇಳಿ ಮುಗಿಸಿದರು. ಪ್ರಸಾದ ತಡವರಿಸುತ್ತ ಅನುವಾದಿಸಿದ. ಐನಾರ್ ನಗುತ್ತಲೇ ತಲೆಯಾಡಿಸುತ್ತಿದ್ದ. ಆ ನಗುವೇ ಕಾತ್ಯಾಯಿನಮ್ಮನವರಿಗೆ ಅನುಮಾನ ತಂದಿತು.

“ಪೂರ್ತಿ ಹೇಳಿದ್ಯಾ?”

“ಹೇಳ್ದೆ ಅತ್ತಿಗೆ.”

“ಮಣ್ಣಿನ ಗುಣ ಅಲ್ಲ ಅಂತ?”

ಪ್ರಸಾದ ನೆಲ ನೋಡಿದ. “ಅದೊಂದು ಈಗ ಹೇಳ್ತೀನಿ.”

ಹೇಳಿದ. ಐನಾರನ ಮುಖದ ನಗು ಮೆಲ್ಲನೆ ಆರಿತು. ನಂಬದವನಂತೆ ಬಟ್ಟಲನ್ನು ಮತ್ತೊಮ್ಮೆ ಮೂಸಿದ. ಕಾತ್ಯಾಯಿನಮ್ಮ ಮನೆಯ ಮಹಡಿಗೆ ಹೋಗಿ ಪೂಜೆಯ ಸಂಪುಟದಿಂದ ಒಂದು ತುಂಡು ಹಾಲುಮಡ್ಡಿ ತಂದರು. ದೋಣಿಮನೆಯ ಸೌದೆಯ ಒಲೆಯಿಂದ ಎರಡು ಕೆಂಡವನ್ನು ಕಬ್ಬಿಣದ ಬಾಣಲೆಗೆ ಹಾಕಿಸಿಕೊಂಡು ಅದರ ಮೇಲಿಟ್ಟರು. ಹೇಗೂ ಶುಕ್ರವಾರ, ಮನಸ್ಸಿನಲ್ಲಿ ದೇವಿಯನ್ನು ನೆನೆದು ಮೊದಲ ಹೊಗೆಯನ್ನು ಅವಳಿಗೇ ಅರ್ಪಿಸಿದರು. ಬಿಳಿಯ ಹೊಗೆ ಸುರುಳಿಯಾಗಿ ಏರಿ, ದೋಣಿಮನೆಯ ತೊಲೆಗಳನ್ನು ತಬ್ಬಿತು. ಅದೇ ಕಂಪು. ಅದೇ, ನೂರು ಪಾಲು ಮಿಗಿಲಾಗಿ. ಹೊರಗಿನಿಂದ ಕೋಲಿನ ಸದ್ದು ಕೇಳಿಸಿತು. ಮುದುಕರು ಬಾಗಿಲಿನಲ್ಲಿ ಬಂದು ನಿಂತು, ಎದೆ ತುಂಬ ಉಸಿರೆಳೆದುಕೊಂಡರು.

ಐನಾರ್ ಬಟ್ಟಲನ್ನು ಕೆಳಗಿಟ್ಟ. ಬಟ್ಟೆಯೊಂದನ್ನು ಎಣ್ಣೆಯಲ್ಲಿ ಅದ್ದಿ, ಫಲಕದ ಬಳಿಗೆ ಹೋಗಿ, ಮೂರನೆಯ ಸಾಲನ್ನೂ ನಾಲ್ಕನೆಯ ಸಾಲನ್ನೂ ಒರೆಸಿಹಾಕಿದ. ಎರಡನೆಯ ಸಾಲಿನ ಮೇಲೆ ಅವನ ಕೈ ಒಂದು ಕ್ಷಣ ತಡೆಯಿತು. ಆಮೇಲೆ ಅದನ್ನೂ ಒರೆಸಿದ. ತಮ್ಮ ಹೆಸರು ಅಳಿಯುವುದನ್ನು ಕಾತ್ಯಾಯಿನಮ್ಮ ನೋಡುತ್ತ ನಿಂತರು. ಹೆಸರಿಗಾಗಿ ಅಳಲಿಲ್ಲ, ಮಳೆಯಲ್ಲಿ ಕಂಬಳಿಕೊಪ್ಪೆ ಹೊದ್ದು ನಿಂತವರ ಮುಖ ಕಣ್ಣೆದುರು ಬಂತು.

ಉಳಿದದ್ದು ಮೇಲಿನ ಒಂದೇ ಸಾಲು, ಬಾಳೆಹಕ್ಕಲು. ಅದನ್ನು ನೋಡುತ್ತ ಐನಾರ್ ಪ್ರಸಾದನನ್ನು ಏನೋ ಕೇಳಿದ. ಹೊಗೆ ತಾಗದ ನಿಮ್ಮೂರ ಕಾಫಿ ಹೇಗಿರುತ್ತದೆ ಎಂಬುದು ಪ್ರಶ್ನೆ. ಕಾತ್ಯಾಯಿನಮ್ಮ ತಟ್ಟನೆ ತಲೆಯೆತ್ತಿದರು. ಉಳಿದ ಏಳು ಚೀಲಗಳು ಇಲ್ಲಿಗೇ ಬಂದಿವೆಯಲ್ಲ, ಅವನ್ನು ತರಿಸು ಎಂದರು.

ಆ ಮಧ್ಯಾಹ್ನ ದೋಣಿಮನೆಯಲ್ಲಿ ನಡೆದದ್ದು ಒಂದು ಯಜ್ಞವೇ ಸರಿ. ಏಳು ಮಾದರಿಗಳ ಚೀಟಿಗಳನ್ನು ಐನಾರ್ ಮರೆಮಾಡಿ ತಟ್ಟೆಗಳಲ್ಲಿ ಹರವಿದ. ಪರೀಕ್ಷಿಸುವ ತುಂಟತನ ಅವನ ಕಣ್ಣಿಗೆ ಮರಳಿತ್ತು. ಕಾತ್ಯಾಯಿನಮ್ಮ ಒಂದೊಂದರ ಮುಂದೆ ಬಗ್ಗಿ, ಅಂಗೈಯಲ್ಲಿ ಹೊರಳಿಸಿ, ನಡುಸೀಳನ್ನು ಬೆಳಕಿಗೆ ಹಿಡಿದು, ಒಂದು ಕಾಳನ್ನು ಕಚ್ಚಿ, ಬೆಳೆದವರ ಹೆಸರು ಹೇಳುತ್ತ ಹೋದರು. ಇದು ಗಂಗಾಧರಪ್ಪನವರದು, ತೊಳೆದದ್ದು ಸಾಲದು, ಅವರ ಹಳ್ಳದಲ್ಲಿ ನೀರು ಕಡಿಮೆ. ಇದು ಸಿದ್ದಮ್ಮನದು, ಹೆಂಗಸು ಒಬ್ಬಳೇ ಕೊಯ್ಯುತ್ತಾಳೆ, ಅದಕ್ಕೇ ಹಸಿರುಕಾಯಿ ಒಂದೂ ಇಲ್ಲ ನೋಡಿ. ಇದು ತಿಮ್ಮಪ್ಪಗೌಡರದು, ಬಂಡೆಯ ನೆರಳಿನ ತೋಟ, ನಿಧಾನ ಹಣ್ಣಾಗುವುದು. ಐನಾರ್ ಚೀಟಿಗಳನ್ನು ತಿರುಗಿಸಿದ. ಏಳಕ್ಕೆ ಏಳೂ ಸರಿಯಾಗಿದ್ದವು. ಬಾಗಿಲಿನಲ್ಲಿದ್ದ ಮುದುಕರು ಕೋಲನ್ನು ನೆಲಕ್ಕೆ ಮೂರು ಸಲ ಕುಟ್ಟಿದರು.

ಏಳನ್ನೂ ಹುರಿದರು, ಏಳನ್ನೂ ಸವಿದರು. ತಿಮ್ಮಪ್ಪಗೌಡರ ಬಟ್ಟಲಿಗೆ ಬಂದಾಗ ಐನಾರ್ ಒಮ್ಮೆ ಹೀರಿ ನಿಂತ. ಇನ್ನೊಮ್ಮೆ ಹೀರಿದ. ಆರಿದ ಮೇಲೆ ಮೂರನೆಯ ಸಲ ಹೀರಿದ. ಕಾತ್ಯಾಯಿನಮ್ಮ ಲೋಟದಿಂದ ಧಾರೆಯೆರೆದುಕೊಂಡರು; ಕಹಿಯ ಹಿಂದೆ ಕಿತ್ತಳೆಯ ಸಿಪ್ಪೆ ಚಿವುಟಿದಂಥ ಸೊಗಸು, ಅದರ ಹಿಂದೆ ಜೋನಿಬೆಲ್ಲದ ಸಿಹಿ, ನುಂಗಿದ ಮೇಲೂ ಬಹುಹೊತ್ತು ನಾಲಗೆಯ ಮೇಲೆ ಕುಳಿತಿರುವ ನೆಂಟನಂತೆ. ವೈಶಾಖದಲ್ಲಿ ಇದೇಕೆ ತನಗೆ ಕಾಣಲಿಲ್ಲವೆಂದು ಐನಾರ್ ಹಣೆ ಬಡಿದುಕೊಂಡ. ಗದ್ದಲದವನ ಪಕ್ಕದಲ್ಲಿ ಮಿತಭಾಷಿಯನ್ನು ಕೂರಿಸಿದರೆ ಅವನ ಮಾತು ಯಾರಿಗೆ ಕೇಳೀತು? ಹೊಗೆಯ ಕಾಫಿ ಉಳಿದ ಏಳನ್ನೂ ಮರೆಮಾಚಿತ್ತು. ಪ್ರಸಾದನಿಗೂ ಆ ಹೊತ್ತಿಗೆ ಹುರುಪು ಹತ್ತಿ, ತಿಮ್ಮಪ್ಪಗೌಡರ ಗುದ್ದಲಿಯ ಕಥೆಯನ್ನು ಕೈಕರಣದೊಂದಿಗೆ ವಿವರಿಸಿದ. ಗಿಡ ಕೀಳುತ್ತಾನೆಯೇ ಎಂದು ಐನಾರ್ ಗಾಬರಿಯಾಗಿ, ಈಗಲೇ ಫೋನು ಮಾಡಿ ತಡೆಯಿರಿ ಎಂದ.

ಹಾಗೆ ಆ ಸಂಜೆ ಕಳಸದ ಎಸ್‌ಟಿಡಿ ಅಂಗಡಿಗೆ ಕಡಲಾಚೆಯಿಂದ ಕರೆ ಹೋಯಿತು. ಅಂಗಡಿಯ ಓಂಕಾರಮೂರ್ತಿ ಆ ಮಳೆಯ ಇರುಳಿನಲ್ಲೇ ಟಾರ್ಚು ಹಿಡಿದು ಬಾಳೆಹಕ್ಕಲಿಗೆ ನಡೆದು ಸುದ್ದಿ ಮುಟ್ಟಿಸಿದನೆಂದೂ, ತಿಮ್ಮಪ್ಪಗೌಡರು “ನಮ್ ಕಾಫಿನಾ?” ಎಂದಷ್ಟೇ ಕೇಳಿದರೆಂದೂ ಆಮೇಲೆ ತಿಳಿಯಿತು.

ಶನಿವಾರ ಬಂದರು ಬಾವುಟಗಳಿಂದ ತುಂಬಿತು. ದೋಣಿಗಳೆಲ್ಲ ದಡಕ್ಕೆ ಬಂದಿದ್ದವು. ಫಲಕದ ಮೇಲೆ ಬಾಳೆಹಕ್ಕಲು ಎಂಬುದರ ಕೆಳಗೆ ತಿಮ್ಮಪ್ಪನ ಹೆಸರು ಹೊಸ ಬಣ್ಣದಲ್ಲಿ ಹೊಳೆಯುತ್ತಿತ್ತು. ಇಳಕಲ್ ಸೀರೆಯುಟ್ಟು, ಹಣೆತುಂಬ ಕುಂಕುಮವಿಟ್ಟು ನಿಂತ ಕಾತ್ಯಾಯಿನಮ್ಮನವರ ಸುತ್ತ ಮಕ್ಕಳು, ಮೀನುಗಾರರು, ಮುದುಕಿಯರು ಮುತ್ತಿಕೊಂಡರು. ಬಂಡೆಯ ನೆರಳಿನ ತೋಟ ಎಂಥದು, ಮಾತು ಕಡಿಮೆಯ ಆ ಬೆಳೆಗಾರ ಎಂಥವನು ಎಂದು ಅವರು ಕನ್ನಡದಲ್ಲೇ ಬಣ್ಣಿಸಿದರು. ಪ್ರಸಾದ ಇಂಗ್ಲಿಷಿಗೆ, ಐನಾರ್ ತನ್ನ ನುಡಿಗೆ ತಂದರು. ಮೂರು ಭಾಷೆ ದಾಟುವಷ್ಟರಲ್ಲಿ ತಿಮ್ಮಪ್ಪಗೌಡರು ಪುರಾಣಪುರುಷರಾಗಿಬಿಟ್ಟಿದ್ದರು.

ಎಂಟನೆಯ ಕಾಫಿಯನ್ನು ಚೆಲ್ಲಲು ಐನಾರನ ತಂದೆ ಬಿಡಲಿಲ್ಲ. ಉಳಿದಷ್ಟನ್ನೂ ಒಂದು ಮೂಲೆಯ ಪಾತ್ರೆಯಲ್ಲಿ ಕಾಯಿಸಿಟ್ಟು, ಇದು ದೇವರ ಧೂಪದ ಹೊಗೆ ತಾಗಿದ ಕಾಫಿ, ಮಾರಾಟಕ್ಕಿಲ್ಲ, ಎಂದು ಐನಾರ್ ಇದ್ದದ್ದನ್ನು ಇದ್ದಂತೆ ಬರೆದಿಟ್ಟ. ಹಳೆಯ ದೋಣಿಗಾರರು ಹತ್ತಾರು ಮಂದಿ ಅದರ ಸುತ್ತ ಬೆಂಚು ಹಾಕಿಕೊಂಡು ಕುಳಿತು, ಪಾತ್ರೆ ಬರಿದಾಗುವವರೆಗೆ ಏಳಲಿಲ್ಲ.

ಏಳು ಮನೆಗಳ ಕಾಫಿಗೆ ಮೂರು ವರ್ಷದ ಒಪ್ಪಂದವಾಯಿತು. ಕಾತ್ಯಾಯಿನಮ್ಮನವರ ಕಾಫಿಯ ಮಾತನ್ನು ಮಾತ್ರ ಐನಾರ್ ಮುಂದಕ್ಕೆ ಹಾಕಿದ. ಹೊಗೆಯಿಲ್ಲದ ಮಾದರಿಯನ್ನು ಕಾಣದೆ ಕೊಳ್ಳಲಾರೆನೆಂದ. ನ್ಯಾಯವಾದ ಮಾತೆಂದು ಅವರು ಒಪ್ಪಿದರು. ಬಿಳಿಯ ಹಡಗಿನಲ್ಲಿ ಮರಳುವಾಗ ಪ್ರಸಾದ, ಊರಿಗೆಲ್ಲ ಗಂಡು ಹುಡುಕಿಕೊಟ್ಟು ತಮ್ಮ ಮಗಳನ್ನೇ ಮನೆಯಲ್ಲುಳಿಸಿಕೊಂಡಂತಾಯಿತಲ್ಲ ಅತ್ತಿಗೆ ಎಂದು ಕೆಣಕಿದ. ಅವರು ಬೆಟ್ಟಗಳನ್ನು ನೋಡುತ್ತ, “ಮಗಳು ಚೆನ್ನಾಗಿದ್ರೆ ಗಂಡು ಬಂದೇ ಬರ್ತಾನೆ, ನೀ ಸುಮ್ನಿರು” ಎಂದರು.

ಮುಂದಿನ ಕೊಯ್ಲಿನಲ್ಲಿ ಅವರು ಧೂಪವನ್ನು ನಿಲ್ಲಿಸಲಿಲ್ಲ. ಕಾಫಿಯನ್ನೇ ಹಿತ್ತಿಲಿನ ಬೇರೆ ಕೋಣೆಗೆ ಸಾಗಿಸಿ, ಕಣಜದಲ್ಲಿ ಒಂದು ಹಿಡಿ ಭತ್ತವನ್ನಿಟ್ಟು ಲಕ್ಷ್ಮಿಗೆ ಹೊಗೆ ತೋರಿಸಿದರು. ಆ ವರ್ಷದ ಮಾದರಿಯನ್ನು ಐನಾರ್ ಕೊಂಡ. ತಿಮ್ಮಪ್ಪಗೌಡರದಕ್ಕಿಂತ ಒಂದು ಮೆಟ್ಟಿಲು ಕೆಳಗೆಂದು ಪತ್ರದಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದ. ಪ್ರಸಾದ ಆ ಸಾಲನ್ನು ಬಿಟ್ಟು ಓದಿದ. ಅತ್ತಿಗೆ ಅವನ ಮುಖ ನೋಡಿ, ಬಿಟ್ಟದ್ದನ್ನೂ ಓದಿಸಿಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು.

ಅಂಥ ಸಾಧ್ವಿಗೆ ಜಗನ್ಮಾತೆಯು ದೀರ್ಘಾಯುವನ್ನು ಕೊಡಲಿ. ಅವರ ಕಣಕ್ಕೆ ಮಾಗಿಯ ಬಿಸಿಲು ಬೇಕಾದಷ್ಟು ದಿನ ಬೀಳಲಿ, ಕಾಫಿಗಿಡವನ್ನು ಅರಳಿಸುವ ಹೂಮಳೆ ತಿಥಿ ತಪ್ಪದೆ ಬರಲಿ. ಭಟ್ಟರ ಗಂಟೆಯ ನಾದ ದೇವಾಲಯದಲ್ಲಿ ಕುಂದದಿರಲಿ. ಹಿರಿಯ ಅತ್ತೆಯ ತೀರ್ಪುಗಳು ನೂರನ್ನು ಮುಟ್ಟಲಿ. ಮೈದುನನ ನಾಲಗೆ ಹರಿತವಾಗಿಯೇ ಉಳಿದು, ಅದಕ್ಕೆ ಉತ್ತರ ಕೊಡುವ ಬಾಯಿ ಅದಕ್ಕಿಂತ ಹರಿತವಾಗಿರಲಿ. ಆ ಮನೆಯ ಎಲೆಯಲ್ಲಿ ಅನ್ನ, ಎಂಟೂ ಮನೆಗಳ ಗಿಡದಲ್ಲಿ ಹಣ್ಣು ಎಂದೆಂದಿಗೂ ತುಂಬಿರಲಿ. ಶುಭಮಸ್ತು.